ಮಡಿಲಿಗಿಂತ ಗಟ್ಟಿಯಾದ ಆಸನ

ಮಕ್ಕಳೇ, ಕಾರಿನಲ್ಲಿ ಹೋಗುವಾಗ ಪುಟ್ಟ ಪಾಪುವಿಗೆ ಸುರಕ್ಷಿತ ಜಾಗ ಯಾವುದು? ನಾನು ಹೋದ ಶಾಲೆಗಳಲ್ಲೆಲ್ಲ ಬರುವ ಉತ್ತರ ಒಂದೇ: "ಅಮ್ಮನ ಮಡಿಲು!" ಕೇಳಲು ಹಿತವಾದ ಉತ್ತರ. ಆದರೆ ವಿಜ್ಞಾನ ಇದನ್ನು ಒಪ್ಪುವುದಿಲ್ಲ. ಏಕೆ ಗೊತ್ತೇ?

ಆಟಿಕೆ ಗಾಡಿಯ ಮೇಲೆ ಸೀಮೆಸುಣ್ಣದ ತುಂಡೊಂದನ್ನು ನಿಲ್ಲಿಸಿ, ಗೋಡೆಯ ಕಡೆಗೆ ತಳ್ಳಿ. ಗಾಡಿ ಗೋಡೆಗೆ ಬಡಿದು ನಿಲ್ಲುತ್ತದೆ, ಸೀಮೆಸುಣ್ಣ ಮುಂದಕ್ಕೆ ಬೀಳುತ್ತದೆ. ಇದೇ ಚಲನೆಯ ಜಡತ್ವ. ಈಗ ಅದನ್ನು ರಬ್ಬರ್ ಬ್ಯಾಂಡಿನಿಂದ ಗಾಡಿಗೆ ಬಿಗಿದು, ಮತ್ತೆ ತಳ್ಳಿ ನೋಡಿ.

ಒಂದು ಲೆಕ್ಕ ಮಾಡೋಣ. ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್. ಈ ವೇಗದ ಕಾರು ಡಿಕ್ಕಿ ಹೊಡೆದು 0.1 ಸೆಕೆಂಡಿನಲ್ಲಿ ನಿಂತರೆ, 10 ಕೆ.ಜಿ. ತೂಕದ ಪಾಪುವನ್ನು ಹಿಡಿದು ನಿಲ್ಲಿಸಲು 1000 ನ್ಯೂಟನ್ ಬಲ ಬೇಕು. ಅಂದರೆ ಒಂದು ಕ್ವಿಂಟಾಲ್ ಮೂಟೆಯನ್ನು ಎತ್ತಿ ಹಿಡಿಯುವಷ್ಟು! ಯಾವ ಅಮ್ಮನ ತೋಳಿಗೂ ಇದು ಸಾಧ್ಯವಿಲ್ಲ.

ಅದಕ್ಕಾಗಿಯೇ ಮಕ್ಕಳ ಆಸನ ಇರುವುದು. ಅದನ್ನು ಹಿಂದಿನ ಸೀಟಿಗೆ ಅಲುಗಾಡದಂತೆ ಬಿಗಿಯಬೇಕು. ಪಟ್ಟಿಗಳು ಸಡಿಲವಾಗಿರಬಾರದು. ಹಸುಗೂಸಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಕತ್ತು ಎಳೆಯದು. ಆದ್ದರಿಂದ ಅದರ ಮುಖ ಕಾರಿನ ಹಿಂಭಾಗಕ್ಕಿರಬೇಕು. ಆಗ ಡಿಕ್ಕಿಯ ಬಲ ಬೆನ್ನಿಗೆಲ್ಲ ಹಂಚಿಹೋಗುತ್ತದೆ. ಅಮ್ಮ ಮತ್ತು ಪಾಪು ಇಬ್ಬರಿಗೂ ಸೇರಿಸಿ ಒಂದೇ ಬೆಲ್ಟ್ ಹಾಕುವುದು ಇನ್ನೂ ಅಪಾಯ. ಅಮ್ಮನ ಭಾರಕ್ಕೆ ಪಾಪು ನಲುಗುತ್ತದೆ.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ, 14 ವರ್ಷ ತುಂಬದ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಆಸನ ಇಲ್ಲದಿದ್ದರೆ 1000 ರೂಪಾಯಿ ದಂಡ. ಇದರಲ್ಲಿ ನೀವೂ ಸೇರಿದ್ದೀರಿ! ದಂಡ ಕಟ್ಟಿದರೆ ಮುಗಿಯಿತು, ಜೀವ ಹೋದರೆ ಬಾರದು. ಇಂದು ಸಂಜೆಯೇ ಮನೆಯಲ್ಲಿ ಗಾಡಿಯ ಪ್ರಯೋಗ ಮಾಡಿ ತೋರಿಸುತ್ತೀರಲ್ಲವೇ?