ಉದ್ದಕ್ಕೆ ಸೀಳು, ಅಡ್ಡಕ್ಕೆ ಹೊಲಿಗೆ

ಬೆಂಗಳೂರಿನ ಒಂದು ಆಸ್ಪತ್ರೆ. ಬೆಳಿಗ್ಗೆ ಒಂಬತ್ತೂವರೆ. ನೀವು ಸರ್ಜನ್ ಮೇಡಂ ಬೆನ್ನ ಹಿಂದೆ ಒಂದು ಸ್ಟೂಲಿನ ಮೇಲೆ ನಿಂತಿದ್ದೀರಿ. ಆಪರೇಷನ್ ಥಿಯೇಟರಿನ ಚಳಿ ಹಸಿರು ಗೌನಿನೊಳಕ್ಕೂ ಇಳಿಯುತ್ತಿದೆ.

ಮೇಜಿನ ಮೇಲೆ ಮಲಗಿರುವ ಹುಡುಗನಿಗೆ 28 ವರ್ಷ. ಉಂಡ ಸ್ವಲ್ಪ ಹೊತ್ತಿಗೆ ಹೊಟ್ಟೆ ಉಬ್ಬಿ ಗುಡುಗುಡು ಎನ್ನುತ್ತಿತ್ತು, ಹಿಂಡುವ ನೋವು, ಕೊನೆಗೆ ವಾಂತಿ. ಮೊದಲು ಟಿ.ಬಿ. ಇರಬೇಕೆಂದು ಆರು ತಿಂಗಳು ಮಾತ್ರೆ ನುಂಗಿದ್ದ. ನಮ್ಮಲ್ಲಿ ಇದು ಹೊಸದಲ್ಲ, ಕರುಳಿನ ಟಿ.ಬಿ.ಯೂ, ಕರುಳಿಗೆ ಹುಣ್ಣೆಬ್ಬಿಸಿ ಬಿಗಿಯುವ ಕ್ರೋನ್ಸ್ ಕಾಯಿಲೆಯೂ ಅವಳಿಗಳಂತೆ ಕಾಣುತ್ತವೆ. ಇವನಿಗಿದ್ದದ್ದು ಕ್ರೋನ್ಸ್. ನಾಲ್ಕು ವರ್ಷದ ಹಿಂದೆ ಸಣ್ಣ ಕರುಳಿನ ಕೊನೆಯ ಭಾಗ ತೆಗೆದು ದೊಡ್ಡ ಕರುಳಿಗೆ ಜೋಡಿಸಿದ್ದರು. ಗುಣವಾಯಿತೆಂದು ಅವನು ಡಾಕ್ಟರ ಕಡೆ ತಲೆ ಹಾಕಲಿಲ್ಲ. ಸಿಗರೇಟನ್ನೂ ಬಿಡಲಿಲ್ಲ.

ಬಗ್ಗಿ ನೋಡಿ. ಚೆನ್ನಾಗಿರುವ ಕರುಳು ತೆಳು ಗುಲಾಬಿ ಬಣ್ಣ, ಬೆರಳಲ್ಲಿ ಹಿಡಿದರೆ ಜಾರುತ್ತದೆ. ಹಳೆಯ ಜೋಡಣೆಯ ಹತ್ತಿರ ಮಾತ್ರ ಅದು ಕೆಂಪಾಗಿ, ದಪ್ಪವಾಗಿ, ತೋಟಕ್ಕೆ ನೀರು ಬಿಡುವ ರಬ್ಬರ್ ಪೈಪಿನ ಹಾಗೆ ಗಡುಸಾಗಿದೆ. ಹಳದಿ ಕೊಬ್ಬು ಅದರ ಮೈಮೇಲೆ ಹಬ್ಬಿ ಅಂಟಿಕೊಂಡಿದೆ. ಕಟ್ಟಿಕೊಂಡ ಕಾಲುವೆಯ ಹಿಂದೆ ನೀರು ನಿಲ್ಲುವಂತೆ, ಅದರ ಮೇಲಿನ ಕರುಳು ಊದಿಕೊಂಡಿದೆ. ಕಾಯಿಲೆ ಮರಳುವುದು ಸಾಮಾನ್ಯವಾಗಿ ಇಲ್ಲೇ, ಜೋಡಣೆಯಲ್ಲಿ ಮತ್ತು ಅದರ ತುಸು ಮೇಲೆ.

ಆ ತುಂಡನ್ನು ತೆಗೆಯದೆ ದಾರಿಯಿಲ್ಲ. ಆದರೆ ಮೇಡಂ ಕರುಳನ್ನು ಗೇಣುಗೇಣಾಗಿ ಬೆರಳಲ್ಲಿ ತಡವುತ್ತಾ ಮೇಲೆ ಹೋದಾಗ ಇನ್ನೂ ಎರಡು ಕಡೆ ಬಿಗಿತ ಸಿಗುತ್ತದೆ. ಒಂದೊಂದೂ ಬೆರಳಿನ ಒಂದು ಗೆಣ್ಣಿನಷ್ಟು ಉದ್ದ.

"ಮೇಡಂ, ಇವನ್ನೂ ತೆಗೆದುಬಿಡೋದಾ?" ಎಂದು ಕಿರಿಯ ಡಾಕ್ಟರ್ ಕೇಳುತ್ತಾನೆ.

"ಬೇಡಪ್ಪ. ತೆಗೆದ ಕರುಳು ಮತ್ತೆ ಬೆಳೆಯಲ್ಲ. ಹುಡುಗ ಇನ್ನೂ ಬಾಳಿ ಬದುಕಬೇಕು."

ಸಣ್ಣ ಕರುಳು 2 ಮೀಟರಿಗಿಂತ ಕಡಿಮೆ ಉಳಿದರೆ ಉಂಡದ್ದು ಮೈಗೆ ಹತ್ತುವುದು ಕಷ್ಟ. ಕೆಲವರು ಡ್ರಿಪ್ಪಿನ ಆಹಾರದಲ್ಲೇ ದಿನ ದೂಡಬೇಕಾಗುತ್ತದೆ. ಹೆಚ್ಚು ಕತ್ತರಿಸಿದರೆ ಕಾಯಿಲೆ ದೂರವಾಗುತ್ತದೆ ಎಂಬ ನಂಬಿಕೆಯೂ ಉಳಿದಿಲ್ಲ. ರೋಗದ ಆಚೆ 2 ಸೆಂ.ಮೀ. ಬಿಟ್ಟು ಕತ್ತರಿಸಿದರೂ 12 ಸೆಂ.ಮೀ. ಬಿಟ್ಟು ಕತ್ತರಿಸಿದರೂ ಮರಳುವುದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲವೆಂದು ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಸರ್ಜನ್ ವಿಕ್ಟರ್ ಫಾಜಿಯೊ ತಂಡ 1996ರಲ್ಲೇ ತೋರಿಸಿತು.

ಈಗ ಮೇಡಂ ಕೈ ನೋಡಿ. ಬಿಗಿತದ ಮೇಲೆ ಉದ್ದಕ್ಕೆ ಸೀಳುತ್ತಾರೆ, ಎರಡೂ ಬದಿಯ ಒಳ್ಳೆಯ ಕರುಳಿನವರೆಗೆ. ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಒಳಗಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಸೀಳಿನ ಅಂಚುಗಳ ನಡುಮಧ್ಯಕ್ಕೆ ಎರಡು ದಾರ ಹಾಕಿ ಆಚೀಚೆ ಎಳೆದಾಗ ಉದ್ದದ ಸೀಳು ಅಡ್ಡಕ್ಕೆ ಬಾಯಿ ತೆರೆಯುತ್ತದೆ. ಅದನ್ನು ಅಡ್ಡಡ್ಡಲಾಗಿಯೇ ಹೊಲಿಯುತ್ತಾರೆ. ಹತ್ತು ಹನ್ನೆರಡು ಹೊಲಿಗೆ. ಪೆನ್ಸಿಲ್ ತೂರದಿದ್ದ ಕಡೆ ಈಗ ಹೆಬ್ಬೆರಳು ಆಡುತ್ತದೆ. ಇಲ್ಲಿ ಒಂದು ಅಂಗುಲ ಕರುಳೂ ಹೋಗಲಿಲ್ಲ.

ಇದರ ಹೆಸರು ಸ್ಟ್ರಿಕ್ಚರೋಪ್ಲಾಸ್ಟಿ. ಕರುಳಿನ ಟಿ.ಬಿ.ಯ ಬಿಗಿತಕ್ಕೆ ಇದನ್ನು ಮಾಡಿ 1977ರಲ್ಲಿ ವರದಿ ಪ್ರಕಟಿಸಿದ್ದು ಕಟಾರಿಯಾ ಮತ್ತು ಅವರ ಸಂಗಡಿಗರು, ನಮ್ಮ ಚಂಡೀಗಢದ ಪಿಜಿಐ ಆಸ್ಪತ್ರೆಯಲ್ಲಿ. ಆಕ್ಸ್‌ಫರ್ಡ್‌ನ ಸರ್ಜನ್ ಎಮಾನುಯೆಲ್ ಲೀ ಅದನ್ನು ಕ್ರೋನ್ಸ್‌ಗೆ ಬಳಸಿದ್ದು ಆಮೇಲೆ. ನಮ್ಮ ವೈದ್ಯ ವಿದ್ಯಾರ್ಥಿಗಳಿಗೆ ಕಟಾರಿಯಾ ಅವರ ಹೆಸರು ಗೊತ್ತಿರಬೇಕು.

ಮಧ್ಯಾಹ್ನ ಒಂದು ಗಂಟೆ. ಹೊರಗೆ ತಾಯಿ ಎದ್ದು ನಿಲ್ಲುತ್ತಾರೆ. "ವಾಸಿ ಆಯ್ತಾ ಡಾಕ್ಟ್ರೇ?"

"ದಾರಿ ತೆರೆದಿದ್ದೀವಿ ಅಮ್ಮ. ಕಾಯಿಲೆ ಅವನ ಮೈಯಲ್ಲೇ ಇದೆ."

ಆ ತಾಯಿಯ ಮುಖ ಸಣ್ಣದಾಗುತ್ತದೆ. ಆದರೂ ಈ ಮಾತು ಹೇಳಲೇಬೇಕು. ಬೆಲ್ಜಿಯಂನ ಲ್ಯೂವೆನ್‌ನಲ್ಲಿ ರುಟ್ಗೀರ್ಟ್ಸ್ ಎಂಬ ವೈದ್ಯರು ಕ್ರೋನ್ಸ್‌ಗೆ ಆಪರೇಷನ್ ಆದವರ ಕರುಳಿಗೆ ಸ್ಕೋಪು ಹಾಕಿ ನೋಡಿದಾಗ, ವರ್ಷದೊಳಗೆ 100ಕ್ಕೆ ಸುಮಾರು 70 ಜನರಲ್ಲಿ ಹುಣ್ಣು ಮರಳಿತ್ತು. ಅವರಲ್ಲಿ ಹೆಚ್ಚಿನವರಿಗೆ ನೋವೇ ಇರಲಿಲ್ಲ. ನೋವು ಬರುವ ಹೊತ್ತಿಗೆ ಕರುಳು ಮತ್ತೆ ಬಿಗಿದಿರಬಹುದು. ಸಿಗರೇಟು ಸೇದುವವರಲ್ಲಿ ಮರಳುವ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಆಪರೇಷನ್ ಆಗಿದ್ದರೆ, ಹೊಟ್ಟೆ ತಣ್ಣಗಿದೆ ಎಂದು ಸುಮ್ಮನಿರಬೇಡಿ. ಮಾತ್ರೆ, ಇಂಜೆಕ್ಷನ್ ತಾವಾಗಿ ನಿಲ್ಲಿಸದಂತೆ ನೋಡಿಕೊಳ್ಳಿ. ಸಿಗರೇಟು ಬಿಡಿಸಿ. ಆರು ತಿಂಗಳಿಗೆ ಕೊಲೊನೋಸ್ಕೋಪಿಗೆ ಕೈ ಹಿಡಿದು ಕರೆದುಕೊಂಡು ಹೋಗಿ.