ಸಿಮೆಂಟ್ ಮೂಟೆ ತರಿಸುವ ಮುನ್ನ

ಯಲಹಂಕ ಹಳೇ ಊರಿನಲ್ಲಿ ತಾತನ ಕಾಲದ ಮನೆ ಪಾಲಿಗೆ ಬಂದವರು, ಒಳಗಿನದ್ದೆಲ್ಲ ಕಿತ್ತುಹಾಕಿದ ಮೇಲೆ ಮೊದಲು ತರಿಸುವುದೇ ಸಿಮೆಂಟು. ಸ್ವಲ್ಪ ತಡೀರಿ.

ಮಣ್ಣು, ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳೇ ಗೋಡೆಗೆ ತಳದಲ್ಲಿ ತೇವ ತಡೆಯುವ ಪದರ ಸಾಮಾನ್ಯವಾಗಿ ಇರುವುದಿಲ್ಲ. ನೆಲದಿಂದ ತೇವ ಹೀರುತ್ತೆ, ಬಿಸಿಲು ಬಂದಾಗ ಹೊರಗೆ ಬಿಡುತ್ತೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಮಾಡಿದರೆ ತೇವ ಒಳಗೇ ಸಿಕ್ಕಿಕೊಂಡು ಮೇಲೇರುತ್ತೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಬಿಳಿ ಉಪ್ಪು ಕಾಣಿಸಿಕೊಂಡು ಪೇಂಟು ಹಪ್ಪಳದ ಹಾಗೆ ಏಳುತ್ತೆ. ಆಮೇಲೆ ವಾಟರ್‌ಪ್ರೂಫಿಂಗ್‌ನವರ ಸರದಿ!

ಅದಕ್ಕೇ ಇಂಥ ಗೋಡೆಗೆ ಸಿಮೆಂಟಿನ ಬದಲು ಸುಣ್ಣದ ಗಾರೆಯೇ ಸರಿ. ಸುಣ್ಣ ನಿಧಾನ, ಒಪ್ಪಿದೆ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡೇ ಅದು ಗಟ್ಟಿಯಾಗಬೇಕು.

ಮದ್ರಾಸ್ ತಾರಸಿ ಉಳಿದಿದ್ದರೆ, ಅಂದರೆ ಮರದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆ ಓರೆಯಾಗಿ ನಿಲ್ಲಿಸಿ ಸುಣ್ಣದಲ್ಲಿ ಕೂರಿಸಿದ್ದು, ಗೋಡೆಯೊಳಗೆ ಹೂತಿರುವ ತೊಲೆಯ ತುದಿಯನ್ನು ಚುಚ್ಚಿ ನೋಡಿ. ಕೊಳೆಯುವುದು, ಗೆದ್ದಲು ಹಿಡಿಯುವುದು ಹೆಚ್ಚಾಗಿ ಅಲ್ಲೇ. ತುದಿ ಮಾತ್ರ ಹೋಗಿದ್ದರೆ ಅಷ್ಟಕ್ಕೇ ಹೊಸ ಮರ ಜೋಡಿಸಬಹುದು, ಪೂರ್ತಿ ತಾರಸಿ ಇಳಿಸಬೇಕಿಲ್ಲ.

"ಇದೆಲ್ಲ ಯಾಕೆ ಸಾರ್, ಒಡೆದು ಮೂರು ಫ್ಲೋರ್ ಎಬ್ಬಿಸಿ, ಬಾಡಿಗೆ ಬರುತ್ತೆ" ಅಂತ ಮೇಸ್ತ್ರಿ ಹೇಳೇ ಹೇಳ್ತಾರೆ. ಅವರ ಲೆಕ್ಕ ತಪ್ಪೇನಲ್ಲ. 2008ರಲ್ಲಿ ದೇವನಹಳ್ಳಿಗೆ ಏರ್‌ಪೋರ್ಟ್ ಬಂದ ಮೇಲೆ ಈ ಕಡೆ ಸೈಟಿಗಿರುವ ಬೆಲೆ ಗೋಡೆಗಿಲ್ಲ.