ತಿರುಗುವ ತಟ್ಟೆಯ ಬೆಲೆ

ಬಸವನಗುಡಿಯ ಹಳೆಯ ಮನೆಯೊಂದರಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಒಂದು ಸಣ್ಣ ನಾಟಕ ನಡೆಯುತ್ತಿತ್ತು. ಯಜಮಾನರು ಬೀರುವಿನಿಂದ ಎಲ್‌ಪಿ ತಟ್ಟೆಯೊಂದನ್ನು ತೆಗೆದು, ಮೆತ್ತನೆಯ ಬಟ್ಟೆಯಿಂದ ಒರೆಸಿ, ಯಂತ್ರದ ಮೇಲಿಡುವರು. ಮುಳ್ಳು ತಟ್ಟೆಯನ್ನು ಮುಟ್ಟಿದ ಎರಡು ನಿಮಿಷಗಳೊಳಗೆ ಅವರ ಪತ್ನಿ ಎದ್ದು ಅಡಿಗೆಮನೆಗೆ ಹೋಗಿಬಿಡುವರು. ಮೂವತ್ತು ವರ್ಷ ವೀಣೆಯ ಪಾಠ ಹೇಳಿದ ಆಕೆಗೆ ಯಂತ್ರದ ಸಂಗೀತವೆಂದರೆ ತಾತ್ಸಾರವೆಂದು ಯಜಮಾನರು ತೀರ್ಮಾನಿಸಿದ್ದರು. ಇಂತಹ ತೀರ್ಮಾನಗಳನ್ನು ಗಂಡಂದಿರು ಬಹು ಬೇಗ ಮಾಡಿಕೊಳ್ಳುತ್ತಾರೆ. ಕೇಳಿ ತಿಳಿಯುವ ಗೋಜಿಗೆ ಹೋಗುವುದಿಲ್ಲ.

ನಿವೃತ್ತಿಯ ಹಣ ಕೈಸೇರಿದಾಗ, ಮನೆಗೆ ಸುಣ್ಣಬಣ್ಣ ಮಾಡಿಸಲು ತೆಗೆದಿಟ್ಟ ಗಂಟಿನ ಮೇಲೆ ಅವರ ಕಣ್ಣು ಬಿತ್ತು. ಅಂಗಡಿಯವನು ಆಳೆತ್ತರದ ಸ್ಪೀಕರುಗಳನ್ನು ತೋರಿಸಿದ. ಹಳೆಯ ಮಿತ್ರರೊಬ್ಬರು ಮಾತ್ರ, "ಸ್ಪೀಕರು ಹಾಗೆಯೇ ಇರಲಿ; ಮೊದಲು ತಟ್ಟೆ ತಿರುಗಿಸುವ ಯಂತ್ರವನ್ನು ಬದಲಾಯಿಸಿ" ಎಂದರು.

ಈ ಮಾತಿನ ತವರು ಸ್ಕಾಟ್ಲೆಂಡಿನ ಗ್ಲಾಸ್ಗೋ. 1973ರಲ್ಲಿ ಅಲ್ಲಿ ಐವರ್ ಟೀಫೆನ್‌ಬ್ರನ್ ಎಂಬವರು ಲಿನ್ ಸಂಸ್ಥೆಯನ್ನು ಕಟ್ಟಿ, ಸಾಂಡೆಕ್ ಎಲ್‌ಪಿ12 ಎಂಬ ಟರ್ನ್‌ಟೇಬಲನ್ನು ಹೊರತಂದರು. ನಾದದ ಗುಣವೆಲ್ಲ ಸ್ಪೀಕರಿನಲ್ಲಿದೆಯೆಂದು ಜನ ನಂಬಿದ್ದ ಕಾಲದಲ್ಲಿ ಅವರ ವಾದ ತಲೆಕೆಳಗಾಗಿತ್ತು: ಮೂಲದಲ್ಲಿ ಕಳೆದುಹೋದುದನ್ನು ಮುಂದಿನ ಯಾವ ಯಂತ್ರವೂ ಮರಳಿ ತರಲಾರದು. ಮಾರುವವರ ವಾದವಾದ ಮಾತ್ರಕ್ಕೆ ಅದನ್ನು ಸುಳ್ಳೆನ್ನಬೇಕಾಗಿಲ್ಲ. ಕೂದಲೆಳೆಯಷ್ಟು ಕಿರಿದಾದ ಗೀರಿನಲ್ಲಿ ನಡುಗುತ್ತ ಸಾಗುವ ಮುಳ್ಳು ಹುಟ್ಟಿಸುವ ವಿದ್ಯುತ್ತು, ಒಂದು ವೋಲ್ಟಿನ ಸಾವಿರದಲ್ಲಿ ಕೆಲವೇ ಪಾಲು. ಆಂಪ್ಲಿಫೈಯರು ಅದನ್ನು ಹಿಗ್ಗಿಸುವಾಗ, ಮೋಟಾರಿನ ನಡುಕವೂ ಬೆರೆತಿದ್ದರೆ ಅದನ್ನೂ ನಿಷ್ಪಕ್ಷಪಾತವಾಗಿ ಹಿಗ್ಗಿಸುತ್ತದೆ. ಆದ್ದರಿಂದಲೇ ಭಾರವಾದ ಚಕ್ರ, ಮೋಟಾರನ್ನು ದೂರವಿಡುವ ರಬ್ಬರಿನ ಪಟ್ಟಿ, ನೆಲದ ಅಲುಗಾಟವನ್ನು ತಡೆಯುವ ಸ್ಪ್ರಿಂಗುಗಳು. ಇವೆಲ್ಲ ಗ್ಲಾಸ್ಗೋದಲ್ಲಿ ಹುಟ್ಟಿದವೂ ಅಲ್ಲ. 1961ರಲ್ಲೇ ಅಮೆರಿಕದ ಎಡ್ಗರ್ ವಿಲ್ಚರ್ ಇವನ್ನು ಸಾಧಾರಣ ಬೆಲೆಯ ಯಂತ್ರವೊಂದರಲ್ಲಿ ಒಟ್ಟುಗೂಡಿಸಿದ್ದರು. ಲಕ್ಷಗಟ್ಟಲೆ ರೂಪಾಯಿ ತೆರಲು ಹೊರಟವರು ಈ ಸಂಗತಿಯನ್ನು ಒಮ್ಮೆ ನೆನೆಯುವುದು ಲೇಸು.

ಒಂದು ಭಾನುವಾರ ಮಿತ್ರರು ತಮ್ಮ ಟರ್ನ್‌ಟೇಬಲನ್ನೇ ಆಟೋರಿಕ್ಷಾದಲ್ಲಿ ಮಡಿಲ ಮೇಲಿಟ್ಟುಕೊಂಡು ಬಂದರು. ಅದೇ ಆಂಪ್ಲಿಫೈಯರು, ಅದೇ ಸ್ಪೀಕರು, ಅದೇ ತಟ್ಟೆ. ಮೊದಲು ಕೇಳಿಸಿದ್ದು ನಾದವಲ್ಲ, ಮೌನ: ಸ್ವರಸ್ವರಗಳ ನಡುವೆ ಸದಾ ಇರುತ್ತಿದ್ದ ಗೊರಗೊರ ಸದ್ದು ಇರಲಿಲ್ಲ. ಅನಂತರ ತಂಬೂರಿ. ಹಳೆಯ ಯಂತ್ರದಲ್ಲಿ ತಂಬೂರಿಯ ಷಡ್ಜ ನೀರಿನ ಮೇಲಿನ ನೆರಳಿನಂತೆ ಅಲುಗುತ್ತಿತ್ತು. ಈಗ ಗೋಡೆಗೆ ಹೊಡೆದ ಮೊಳೆಯಂತೆ ನಿಂತಿತು.

ಅಡಿಗೆಮನೆಯ ಬಾಗಿಲಲ್ಲಿ ಪತ್ನಿ ಕಾಣಿಸಿಕೊಂಡರು. ಕೈಯಲ್ಲಿ ಸೌಟು ಹಾಗೆಯೇ ಇತ್ತು.

"ಇವತ್ತು ಶ್ರುತಿ ನಿಂತಿದೆಯಲ್ಲ!" ಎಂದರು.

"ಇಷ್ಟು ದಿನ ನಿಂತಿರಲಿಲ್ಲವೇ?"

"ಎಲ್ಲಿ ನಿಂತಿತ್ತು? ಕೇಳುತ್ತಾ ಕುಳಿತರೆ ಹೊಟ್ಟೆ ತೊಳಸಿದಂತಾಗುತ್ತಿತ್ತು. ನೀವು ಅಷ್ಟು ಆಸೆಯಿಂದ ಹಾಕುತ್ತಿದ್ದಿರಿ, ಹೇಗೆ ಹೇಳಲಿ?"

ಯಜಮಾನರು ಮಾತನಾಡಲಿಲ್ಲ. ಹನ್ನೊಂದು ವರ್ಷಗಳ ಭಾನುವಾರಗಳ ಲೆಕ್ಕವನ್ನು ಹಾಕುತ್ತಿದ್ದರೋ ಏನೋ.

ಆಕೆಯದು ಬರಿಯ ನಾಜೂಕಲ್ಲ. ಎಲ್‌ಪಿ ತಟ್ಟೆ ನಿಮಿಷಕ್ಕೆ 33⅓ ಸುತ್ತು, ಎಂದರೆ 1.8 ಸೆಕೆಂಡಿಗೊಂದು ಸುತ್ತು, ತಿರುಗಬೇಕು. ವೇಗ ನೂರಕ್ಕೆ ಒಂದೂಕಾಲು ಪಾಲು ಏರಿದರೆ ಸ್ವರವೂ ಅಷ್ಟೇ ಏರುತ್ತದೆ. 81ಕ್ಕೂ 80ಕ್ಕೂ ಇರುವ ಈ ಅಂತರವೇ ನಮ್ಮ ಶಾಸ್ತ್ರಜ್ಞರು ಪ್ರಮಾಣಶ್ರುತಿಯೆಂದು ಕರೆಯುವ ಅಳತೆ. ಡ್ರಮ್ಮಿನ ಅಬ್ಬರದಲ್ಲಿ ಅದು ಮುಚ್ಚಿಹೋದೀತು. ಎಡೆಬಿಡದೆ ಮಿಡಿಯುವ ತಂಬೂರಿಯ ಮುಂದೆ ಅಡಗಿಕೊಳ್ಳಲು ಅದಕ್ಕೆ ಎಡೆಯೇ ಇಲ್ಲ.

ಮಧ್ಯಾಹ್ನ ಊಟವಾದ ಮೇಲೆ ಮಿತ್ರರು ಇಬ್ಬರನ್ನೂ ಒಬ್ಬ ಶ್ರೀಮಂತರ ಮನೆಗೆ ಕರೆದೊಯ್ದರು. ಅಲ್ಲಿಯ ಟರ್ನ್‌ಟೇಬಲಿನ ಬೆಲೆ ಮಿತ್ರರದಕ್ಕಿಂತ ಹತ್ತು ಪಟ್ಟು. ಗಂಡಸರು ಮೂವರೂ ಕಣ್ಣು ಮುಚ್ಚಿ ತಲೆದೂಗಿದರು. ಮಂದ್ರ ಗಂಭೀರವಾಗಿದೆ, ಗಾಳಿ ಆಡಿದಂತಿದೆ ಎಂದೆಲ್ಲ ವರ್ಣಿಸಿದರು. "ನಿಮಗೆ ಹೇಗೆನಿಸಿತಮ್ಮ?" ಎಂದು ಮನೆಯವರು ಕೇಳಿದಾಗ ಆಕೆ, "ಚೆನ್ನಾಗಿದೆ. ಬೆಳಿಗ್ಗೆ ಕೇಳಿದ್ದೂ ಚೆನ್ನಾಗಿತ್ತು" ಎಂದರು.

ಯಜಮಾನರು ಕೊನೆಗೆ ಕೊಂಡದ್ದು ಮಿತ್ರರಲ್ಲಿದ್ದಂತಹ ಯಂತ್ರವನ್ನೇ. ಜೊತೆಗೊಂದು ಹೊಸ ಮುಳ್ಳು. ಸವೆದ ಮುಳ್ಳು ಗೀರುಗಳನ್ನೇ ಕೆಡಿಸುವುದರಿಂದ ಆ ಖರ್ಚಿನಲ್ಲಿ ಜಿಪುಣತನ ಸಲ್ಲದು. ಸ್ಪೀಕರುಗಳು ಹಳೆಯವೇ ಉಳಿದವು. ಮುಂಭಾಗದ ಗೋಡೆಗಳಿಗೆ ಬಣ್ಣವೂ ಆಯಿತು. ಹಿತ್ತಲ ಗೋಡೆ ಹಾಗೆಯೇ ನಿಂತಿತು.

ಮುಂದಿನ ಭಾನುವಾರ ಪತ್ನಿ ಒಂದು ಮಗ್ಗುಲು ಮುಗಿಯುವವರೆಗೂ ಕುಳಿತು ಕೇಳಿದರು. ಎರಡನೆಯ ತಟ್ಟೆ ಹಾಕಿದೊಡನೆ ಅವರ ಹುಬ್ಬು ಗಂಟಿಕ್ಕಿತು. ಯಜಮಾನರು ಗಾಬರಿಯಿಂದ ಬಗ್ಗಿ ನೋಡಿದರು. ಯಂತ್ರ ಸರಿಯಾಗಿಯೇ ತಿರುಗುತ್ತಿತ್ತು. ಮುಳ್ಳಿನ ತೋಳು ಮಾತ್ರ ಸುತ್ತಿಗೊಮ್ಮೆ ಅತ್ತಿತ್ತ ತೂಗುತ್ತಿತ್ತು. ತಟ್ಟೆಯ ತೂತೇ ನಡುವಿನಿಂದ ಸರಿದಿತ್ತು. ಹೀಗೆ ಒಂದು ಮಿಲಿಮೀಟರು ಸರಿದರೆ ಸಾಕು, ಕೇಂದ್ರದಿಂದ 8 ಸೆಂಟಿಮೀಟರು ದೂರದ ಗೀರಿನಲ್ಲಿ ಅದೇ ಒಂದು ಪ್ರಮಾಣಶ್ರುತಿಯಷ್ಟು ಸ್ವರ ಮೇಲಕ್ಕೂ ಕೆಳಕ್ಕೂ ತೂಗುತ್ತದೆ. ಆ ಶ್ರೀಮಂತರ ಮನೆಯ ಯಂತ್ರದಲ್ಲಿಟ್ಟರೂ ತೂಗುತ್ತದೆ.

"ಇದು ಬೇಡ, ಬೇರೆ ಹಾಕಿ," ಎಂದರು ಪತ್ನಿ, ಕುಳಿತಲ್ಲಿಂದ ಏಳದೆ.